ಬೂದಿ ಸೋಮವಾರದ ಕಾಗದ

ಐನ್ ತೂತ್
ಜನವರಿ 18, 1998, ಭಾನುವಾರ

ತಕ್ಲಕ್ಕಾ,

ಹಾಗಾದರೆ ನಾನು ಮಗಳನ್ನು ವಿಷ ಮಾರುವವಳನ್ನಾಗಿ ಮಾಡಲು ಹೊರಟಿದ್ದೇನೆ, ಅಲ್ಲವಾ? ನಿನ್ನ ಕಾಗದ ಬಂತು. ಓದಿದೆ. ಓದಿ ಅಂಗಡಿಯ ಕೊಕ್ಕೆಗೆ ಸಿಕ್ಕಿಸಿದೆ, ಕುರಿ ತೊಡೆಯ ಪಕ್ಕದಲ್ಲಿ. ಎರಡರಲ್ಲಿ ಯಾವುದು ಹೆಚ್ಚು ತಣ್ಣಗಿದೆ ಅಂತ ಗಿರಾಕಿಗಳು ಮುಟ್ಟಿ ನೋಡಿದರು. ನಿನ್ನದೇ ಗೆದ್ದಿತು.

ನಾನು ಕೇಳಿದ್ದು ಒಂದೇ ಮಾತು. ನಿಮ್ಮ ಮಠಕ್ಕೆ ಪೂಜೆ ಮಾಡಲು ಬರುವ ಫಾದರ್ ಒಗುಸ್ತೀನ್ ಇದ್ದಾರಲ್ಲ, ಪಾದ್ರಿಗಳ ಯೂನಿವರ್ಸಿಟಿಯಲ್ಲಿ ಯಾರಿಗೆ ಯಾವ ಸೀಟು ಅಂತ ಹೇಳುವವರು ಅವರೇ. ಪೂಜೆ ಮುಗಿದ ಮೇಲೆ, ನೀವು ಯಾವತ್ತೂ ದಾಟದ ಆ ಕಂಬಿಯ ಹಿಂದಿನಿಂದಲೇ "ಫಾದರ್, ನನ್ನ ತಮ್ಮನ ಮಗಳು ಹಿಲಾನೆ, ಜಾಣೆ, ಫಾರ್ಮಸಿಗೆ ಒಂದು ಸೀಟು" ಅಂದರೆ ನಿನ್ನ ನಾಲಿಗೆ ಸವೆಯುತ್ತಿತ್ತಾ? ಈ ದೇಶದಲ್ಲಿ ಶಿಫಾರಸು ಇಲ್ಲದೆ ಹೆಣಕ್ಕೆ ಗುಂಡಿಯೂ ಸಿಗುವುದಿಲ್ಲ. ನಿನಗೆ ಗೊತ್ತಿಲ್ಲದ್ದೇನಲ್ಲ.

ಅದಕ್ಕೆ ನೀನು ಬರೆದದ್ದೇನು? ಔಷಧಿ ಅಂಗಡಿ ಇಟ್ಟರೆ ಮಕ್ಕಳಾಗದ ಗುಳಿಗೆ ಮಾರಬೇಕಾಗುತ್ತದೆ, ಅದು ಮಹಾಪಾಪ, ಆ ಪಾಪದಲ್ಲಿ ಅರ್ಧ ಪಾಲು ಅಪ್ಪನಾದ ನನ್ನದು. ಅಕ್ಕಾ, ಈ ಊರಲ್ಲಿ ಆ ಗುಳಿಗೆ ಕೇಳುವ ವಯಸ್ಸಿನವರು ಯಾರು ಉಳಿದಿದ್ದಾರೆ? ಇರುವವರೆಲ್ಲ ಮೊಣಕಾಲಿಗೆ ಎಣ್ಣೆ ಕೇಳುವವರು. ನನ್ನ ಅಂಗಡಿ ಪಕ್ಕದ ಕೋಣೆ ಖಾಲಿ ಇದೆ. ಎಡಕ್ಕೆ ಮಾಂಸ, ಬಲಕ್ಕೆ ಔಷಧಿ. "ಇಲ್ಲಿ ತಿನ್ನಿ, ಅಲ್ಲಿ ವಾಸಿ ಮಾಡ್ಕೊಳ್ಳಿ" ಅಂತ ಬೋರ್ಡು ಬರೆಸುವ ಯೋಚನೆಯಲ್ಲಿದ್ದೆ.

ನಿನ್ನ ಮಾತಿಗೆ ಹೆದರಿ ನಮ್ಮ ಅಬೂನಾ ಶಲೀಟಾ ಅವರನ್ನೂ ಕೇಳಿದೆ. ಈ ಊರಿನ ಪಾದ್ರಿ ಅವರಲ್ಲವಾ, ನಿಮ್ಮ ಫಾದರ್ ಹಾಗಲ್ಲ, ನಮ್ಮ ಪದ್ಧತಿಯಂತೆ ಮದುವೆಯಾದವರು, ಪಾಪದ ಲೆಕ್ಕ ಅವರಿಗೆ ಬಾಯಿಪಾಠ. ಅಂಗಡಿಗೆ ಬಂದಿದ್ದರು.

"ಅಬೂನಾ, ಔಷಧಿ ಮಾರೋದು ಪಾಪಾನಾ?"

"ಆಸ್ಪಿರಿನ್ ಪಾಪ ಅಲ್ಲ ನಖ್ಲೆ."

"ಆ ಇನ್ನೊಂದು ಗುಳಿಗೆ?"

"ಅದು ಪಾಪ."

"ಅದನ್ನ ಮಾತ್ರ ಪಕ್ಕದೂರಿನವರ ಹತ್ರ ತಗೊಳ್ಳಿ ಅಂತ ಕಳಿಸಿದ್ರೆ?"

"ನೋಡಪ್ಪ, ನಾನು ಬಂದಿದ್ದು ಅರ್ಧ ಕಿಲೋ ಕೊಚ್ಚಿದ ಮಾಂಸಕ್ಕೆ. ಮನೇಲಿ ಆರು ಮಕ್ಕಳು ಕಾಯ್ತಿದಾವೆ. ಆ ಗುಳಿಗೆ ವಿಷ್ಯ ನನ್ನ ಹೆಂಡ್ತಿ ಕಿವಿಗೆ ಬೀಳ್ಬಾರ್ದು."

ಹಿಲಾನೆ ಏನು ಹೇಳುತ್ತಾಳೆ ಅಂತ ಕೇಳಿದ್ದೀಯ. ಅವಳು ಏನು ಹೇಳುತ್ತಾಳೆ? ಖುಷಿಯಾಗಿದ್ದಾಳೆ. ನೀನು ನಿನ್ನ ಕೆಲಸ ನೋಡು, ಒಂದು ಮಾತು ಹಾಕು.

"ನೀನೇ ಬಂದು ಎದುರಿಗೆ ಮಾತಾಡು" ಅಂತಲೂ ಬರೆದಿದ್ದೀಯ. ಕಂಬಿ ಈಚೆ ಕೂತು ಮಾತಾಡಲು ನನ್ನ ಅಕ್ಕ ಏನು ಕೊಲೆ ಮಾಡಿದ್ದಾಳಾ? ನಾನು ಬರುವುದಿಲ್ಲ. ಬಸ್ಸಿನ ಸರ್ಕೀಸ್ ಕೈಯಲ್ಲಿ ಕಾಗದ ಕಳಿಸುತ್ತಿದ್ದೇನೆ, ಅವನೇ ನಿಮ್ಮ ಬಾಗಿಲಿನ ತಿರುಗುವ ಪೆಟ್ಟಿಗೆಯಲ್ಲಿ ಇಡುತ್ತಾನೆ.

ನಿನ್ನ ತಮ್ಮ ಅಂತ ಬರೆಯಲು ಕೈ ಬರುತ್ತಿಲ್ಲ, ಆದರೂ ನಿನ್ನ ತಮ್ಮ,
ನಖ್ಲೆ


ಕಾರ್ಮೆಲ್ ಮಠ
ಜನವರಿ 27, 1998

ನಖ್ಲೆ,

ನನ್ನ ಹೆಸರು ಸಿಸ್ಟರ್ ಬೆನೆಡಿಕ್ಟಾ. ತಕ್ಲಾ ಎನ್ನುವವಳು ಇಪ್ಪತ್ತನೇ ವಯಸ್ಸಿನಲ್ಲಿ ಈ ಬಾಗಿಲಿನ ಹೊರಗೇ ಉಳಿದಳು. ಅವಳ ಹೆಸರಿಗೆ ಬರೆಯುವುದಾದರೆ ಕಾಗದವನ್ನು ಅಲ್ಲೇ ಎಲ್ಲಾದರೂ ಇಡು, ಇಲ್ಲಿಗೆ ಕಳಿಸಬೇಡ.

ನನ್ನ ಕಾಗದವನ್ನು ಮಾಂಸದ ಕೊಕ್ಕೆಗೆ ಸಿಕ್ಕಿಸಿದ್ದನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದೀಯ. ನಿನಗೆ ಐವತ್ತು ದಾಟಿತು. ಊರಿನವರು ನಕ್ಕರೆ ಗೆದ್ದೆ ಎಂದು ತಿಳಿಯುವ ಬುದ್ಧಿ ಇನ್ನೂ ಬಿಟ್ಟಿಲ್ಲ.

ಪಾಪವನ್ನು ಪಕ್ಕದೂರಿಗೆ ಕಳಿಸಿದರೆ ಅದು ಪಾಪವಾಗದೆ ಹೋಗುವುದಿಲ್ಲ. ಅಬೂನಾ ಶಲೀಟಾ ಉತ್ತರ ಹೇಳದೆ ಹೋದರು ಎಂದರೆ ಒಪ್ಪಿದರು ಎಂದಲ್ಲ. ಫಾರ್ಮಸಿಗೆ ನಾನು ಫಾದರ್ ಒಗುಸ್ತೀನ್ ಬಳಿ ಬಾಯಿ ತೆರೆಯುವುದಿಲ್ಲ. ಆ ಖಾಲಿ ಕೋಣೆಗೆ ಬೇಕಾದರೆ ಈರುಳ್ಳಿ ತುಂಬಿಸು.

ಹಿಲಾನೆ ಖುಷಿಯಾಗಿದ್ದಾಳೆ ಎಂದಿದ್ದೀಯ. ಹೋದ ಶನಿವಾರ ಅವಳು ಶಾಲೆಯ ಹುಡುಗಿಯರ ಜೊತೆ ಇಲ್ಲಿಗೆ ಬಂದಿದ್ದಳು. ನಿನಗೆ ಹೇಳಿರಲಿಕ್ಕಿಲ್ಲ. ಉಳಿದವರು ತೋಟಕ್ಕೆ ಹೋದರು, ಅವಳು ನನ್ನೆದುರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ಖುಷಿಯಾಗಿರುವ ಹುಡುಗಿ ಹಾಗೆ ಕೂರುವುದಿಲ್ಲ. ಆ ಮೌನ ನನಗೆ ಗೊತ್ತು, ನಾನೂ ಆ ವಯಸ್ಸಿನಲ್ಲಿ ಹಾಗೆ ಕುಳಿತಿದ್ದೆ, ಅಮ್ಮ ನನಗೆ ಹೊಟ್ಟೆನೋವು ಎಂದುಕೊಂಡಿದ್ದಳು. ಹೊರಡುವಾಗ ಒಂದೆರಡು ಮಾತಾಡಿದಳು. ಅದು ನಮ್ಮಿಬ್ಬರ ನಡುವೆ ಇರಲಿ.

ದೇವರು ಯಾರನ್ನಾದರೂ ಕರೆಯುತ್ತಿರುವಾಗ ಅಂಗಡಿಯವರು ಮಧ್ಯೆ ಕೂಗಬಾರದು.

ಸಿಸ್ಟರ್ ಬೆನೆಡಿಕ್ಟಾ


ಐನ್ ತೂತ್
ಫೆಬ್ರವರಿ 9, 1998, ಸಂತ ಮಾರೋನರ ಹಬ್ಬ

ತಕ್ಲಕ್ಕಾ,

ಆ ಇನ್ನೊಂದು ಹೆಸರು ಬರೆಯಲು ನನಗೆ ಅಕ್ಷರ ಸಾಲದು, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು.

ಈಗ ತಿಳಿಯಿತು ನಿನ್ನ ಆಟ. ಗುಳಿಗೆಯೂ ಅಲ್ಲ, ಪಾಪವೂ ಅಲ್ಲ. ನಿನಗೆ ನನ್ನ ಮಗಳು ಬೇಕು. ನಮ್ಮಮ್ಮನಿಂದ ಒಬ್ಬಳನ್ನು ನುಂಗಿದ ಆ ಬಾಗಿಲಿಗೆ ಮತ್ತೆ ಹಸಿವಾಗಿದೆ. ಬರೆದಿಟ್ಟುಕೋ, ನನ್ನ ಮಗಳ ಕೂದಲಿಗೆ ನಿಮ್ಮ ಕತ್ತರಿ ತಾಗಿದ ದಿನ ನಾನು ಕುರಿ ಮಂದೆ ಸಮೇತ ಬಂದು ನಿಮ್ಮ ತೋಟದಲ್ಲಿ ಬಿಡುತ್ತೇನೆ.

ನಿನ್ನ ಕಾಗದ ಓದಿದ ದಿನ ಊಟಕ್ಕೆ ಕೂತಾಗ ನೇರವಾಗಿ ಕೇಳಿದೆ. ಪಕ್ಕದ ಮನೆಯ ಅಫೀಫೆಯೂ ಇದ್ದಳು, ಅವಳು ಇಲ್ಲದ ಊಟ ನಮ್ಮ ಮನೆಯಲ್ಲಿ ಯಾವಾಗ ಆಗಿದೆ.

"ಏನೇ, ಮಠಕ್ಕೆ ಸೇರ್ತೀಯಾ?"

ಹಿಲಾನೆ ರೊಟ್ಟಿ ಕೆಳಗಿಟ್ಟಳು. "ಯಾರಂದ್ರು?"

"ನಿಮ್ಮತ್ತೆ. ನೀನು ಸುಮ್ನೆ ಕೂತಿದ್ಯಂತೆ. ಸುಮ್ನೆ ಕೂತ್ರೆ ಅವರ ಲೆಕ್ಕದಲ್ಲಿ ದೇವ್ರು ಕರೆದ ಹಾಗಂತೆ."

"ಅಪ್ಪಾ, ನಂಗೆ ಮಠಾನೂ ಬೇಡ, ನಿನ್ನ ಮೊಣಕಾಲು ಎಣ್ಣೇನೂ ಬೇಡ. ನಾನು ಲಾ ಓದ್ತೀನಿ. ಧರ್ಮಸಭೆ ಕೋರ್ಟಲ್ಲಿ ವಾದ ಮಾಡ್ತೀನಿ."

ಇದು ಅವಳು ನನಗೆ ಮೊದಲ ಸಲ ಹೇಳಿದ್ದಲ್ಲ. ಕ್ರಿಸ್ಮಸ್ ಹಬ್ಬದಿಂದ ಹೇಳುತ್ತಿದ್ದಾಳೆ. ನಾನು ನಿನಗೆ ಬರೆದಿರಲಿಲ್ಲ, ಬರೆದಿದ್ದರೆ ನೀನು ನಗುತ್ತಿದ್ದೆ.

ನಮ್ಮ ಜನರಿಗೆ ಮದುವೆ ವಿಷಯ ನೋಡುವ ಕೋರ್ಟು ಅದೊಂದೇ ಅಂತ ನಿನಗೆ ನಾನು ಹೇಳಬೇಕಾ? ಅಲ್ಲಿ ವಕೀಲರ ಕೆಲಸ ಏನು? ಮದುವೆ ಬಿಡಿಸುವುದು. ಅಷ್ಟೇ. ನಾನು ಹೇಳಿದೆ, "ದೇವ್ರು ಹಾಕಿದ ಗಂಟು ಬಿಚ್ಚೋಕೆ ನನ್ನ ಮಗಳು ಕೂಲಿ ತಗೋತಾಳಾ? ಕಟುಕನ ಮಗಳು ಅಂತಾರೆ, ಸಾಲದಾ?"

ಅಫೀಫೆ ಎದ್ದು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದಳು. ಅವಳ ಕಥೆ ಗೊತ್ತಲ್ಲ. ಅವಳ ಗಂಡ ಆ ದೀಬ್ ಮದುವೆಯಾದ ವರ್ಷವೇ ಬ್ರೆಜಿಲ್‌ಗೆ ವಾಪಸ್ ಹೋದವನು ಅಲ್ಲೇ ಮನೆ, ಹೆಂಡತಿ, ಮಕ್ಕಳು ಮಾಡಿಕೊಂಡು ಕೂತಿದ್ದಾನೆ. ಇವಳು ಇತ್ತ ಗಂಡನಿರುವವಳೂ ಅಲ್ಲ, ವಿಧವೆಯೂ ಅಲ್ಲ. ಆ ಮದುವೆ ಮದುವೆಯೇ ಅಲ್ಲ ಅಂತ ಹೇಳಿ ಅಂತ ಕೋರ್ಟಿಗೆ ಅಲೆದು ಅಲೆದು ಚಪ್ಪಲಿ ಸವೆಸುತ್ತಿದ್ದಾಳೆ. ಇವಳ ಸಹವಾಸದಿಂದಲೇ ಹುಡುಗಿಯ ತಲೆ ಕೆಟ್ಟಿರುವುದು.

ಆದ್ದರಿಂದ ಮಠವೂ ಇಲ್ಲ, ಲಾ ಕೂಡ ಇಲ್ಲ. ಫಾರ್ಮಸಿ. ಫಾದರ್‌ಗೆ ಹೇಳುತ್ತೀಯೋ ಇಲ್ಲವೋ?

ನಖ್ಲೆ


ಕಾರ್ಮೆಲ್ ಮಠ
ಫೆಬ್ರವರಿ 16, 1998

ನಖ್ಲೆ,

ಫಾದರ್ ಒಗುಸ್ತೀನ್ ಅವರಿಗೆ ಹೇಳಿದೆ. ನೀನು ಕೇಳಿದ್ದನ್ನಲ್ಲ.

ಹಿಲಾನೆಗೆ ದೇವಶಾಸ್ತ್ರದಲ್ಲಿ ಒಂದು ಸ್ಥಾನ ಇಡಲು ಕೇಳಿಕೊಂಡೆ. ಒಪ್ಪಿದರು. ಅದಕ್ಕೆ ಪ್ರವೇಶ ಪರೀಕ್ಷೆ ಇಲ್ಲ, ಶುಲ್ಕವೂ ಇಲ್ಲ. ಅಲ್ಲಿ ಕಲಿಸುವವರು ಪಾದ್ರಿಗಳು, ಜೊತೆಗೆ ಓದುವವರು ಸಿಸ್ಟರುಗಳು. ಮುಂದೆ ಅವಳಿಗೆ ಕರೆ ಸ್ಪಷ್ಟವಾದರೆ ಬಾಗಿಲು ಹತ್ತಿರವೇ ಇರುತ್ತದೆ. ಆಗದಿದ್ದರೆ ಮಕ್ಕಳಿಗೆ ಧರ್ಮೋಪದೇಶ ಕಲಿಸಿಕೊಂಡು ಮರ್ಯಾದೆಯಾಗಿ ಬದುಕುತ್ತಾಳೆ. ಮಾತ್ರೆ ಮಾರುವುದೂ ಬೇಡ, ಹೆಂಗಸರ ಕಣ್ಣೀರನ್ನು ಕೋರ್ಟಿನಲ್ಲಿ ಹರಡುವುದೂ ಬೇಡ. ಲಾ ಎನ್ನುವುದು ಹುಡುಗಾಟ, ಅದರಲ್ಲಿ ನಿನ್ನ ಮಾತು ಸರಿ. ನಿನ್ನ ಮಾತು ಸರಿ ಎಂದು ಬರೆಯಬೇಕಾಗಿ ಬಂದದ್ದೇ ನನಗೆ ಬರಲಿರುವ ತಪಸ್ಸು ಕಾಲದ ಮೊದಲ ಪ್ರಾಯಶ್ಚಿತ್ತ.

ಪಟ್ಟಿ ಮಾರ್ಚ್ ಮಧ್ಯದಲ್ಲಿ ಮುಚ್ಚುತ್ತದೆ. ಈಗ ತಪಸ್ಸು ಕಾಲ ಬರುತ್ತಿದೆ, ಹಣೆಗೆ ಬೂದಿ ಹಚ್ಚಿಕೊಂಡ ದಿನದಿಂದ ಈಸ್ಟರ್‌ವರೆಗಿನ ಉಪವಾಸ. ಆ ದಿನಗಳಲ್ಲಿ ನಾವು ಕಾಗದ ಬರೆಯುವುದಿಲ್ಲ, ಬಂದದ್ದನ್ನು ತೆರೆಯುವುದೂ ಇಲ್ಲ. ಎಲ್ಲವೂ ಮದರ್ ಮೇಜಿನ ಡ್ರಾಯರಿನಲ್ಲಿ ಈಸ್ಟರ್‌ವರೆಗೆ ಇರುತ್ತದೆ. ನಿನ್ನ ಬೈಗುಳ ಏನಾದರೂ ಬಾಕಿ ಇದ್ದರೆ ಬೂದಿಗೆ ಮೊದಲು ಕಳಿಸು.

ಸಿಸ್ಟರ್ ಬೆನೆಡಿಕ್ಟಾ


ಐನ್ ತೂತ್
ಫೆಬ್ರವರಿ 23, 1998, ಬೂದಿ ಸೋಮವಾರ

ತಕ್ಲಕ್ಕಾ,

ಇವತ್ತು ನಮಗೆ ಬೂದಿ. ಹಣೆಯ ಮೇಲೆ ಅಬೂನಾ ಹೆಬ್ಬೆರಳಿನ ಗುರುತು ಹೊತ್ತುಕೊಂಡೇ ಬರೆಯುತ್ತಿದ್ದೇನೆ. ನಾವು ಸಂತ ಮಾರೋನರ ಪಂಗಡ, ನಿಮ್ಮದು ಬೇರೆ ಪದ್ಧತಿಯ ಲ್ಯಾಟಿನ್ ಮಠ, ನಿಮಗೆ ಬೂದಿ ಬುಧವಾರ. ಇನ್ನೂ ಎರಡು ದಿನ ಇದೆ ಅಂತ ಲೆಕ್ಕ ಹಾಕಿ, ಅಂಗಡಿ ಬಾಗಿಲು ಹಾಕಿ ಕೂತಿದ್ದೇನೆ. ಹೇಗೂ ಇವತ್ತಿನಿಂದ ಕಟುಕನ ಅಂಗಡಿಗೆ ನೊಣವೂ ಬರುವುದಿಲ್ಲ. ಮಧ್ಯಾಹ್ನದ ಬಸ್ಸಿಗೆ ಸರ್ಕೀಸ್ ತರುತ್ತಾನೆ, ಸಂಜೆಗೆ ನಿನ್ನ ಕೈ ಸೇರುತ್ತದೆ.

ಮೊದಲು ಬೈಯುವುದು ಮುಗಿಸುತ್ತೇನೆ. ನನ್ನನ್ನು ಕೇಳದೆ ನನ್ನ ಮಗಳನ್ನು ದೇವಶಾಸ್ತ್ರಕ್ಕೆ ಕಟ್ಟಿಹಾಕಲು ನೀನು ಯಾರು? ಕುರಿ ಕೊಳ್ಳುವವನೂ ಮೊದಲು ಕುರಿಯ ಯಜಮಾನನನ್ನು ಕೇಳುತ್ತಾನೆ. ಮುಗಿಯಿತು.

ಈಗ ಕೆಲಸದ ಮಾತು. ಶುಕ್ರವಾರ ಅಫೀಫೆಗೆ ಕೋರ್ಟಿನಲ್ಲಿ ತಾರೀಕು ಇತ್ತು. ಕೆಳಗಿನ ಪಟ್ಟಣಕ್ಕೆ ನನ್ನ ವ್ಯಾನು ಹೇಗೂ ಹೋಗುತ್ತದೆ ಅಂತ ಕರೆದುಕೊಂಡು ಹೋದೆ. ಹಿಲಾನೆಯೂ ಹತ್ತಿದಳು. ಒಳಗೆ ಜಡ್ಜ್ ಪಾದ್ರಿ ಎತ್ತರದಲ್ಲಿ ಕೂತಿದ್ದರು, ದಪ್ಪ ಕನ್ನಡಕ. ಅಫೀಫೆಯ ಪರವಾಗಿ ಕೋರ್ಟೇ ಕೊಟ್ಟ ವಕೀಲ ಒಬ್ಬ, ಅವನು ಬಂದಾಗಿನಿಂದ ಗಡಿಯಾರ ನೋಡುತ್ತಿದ್ದ.

ಜಡ್ಜ್ ಕೇಳಿದರು, "ನೀನ್ಯಾಕಮ್ಮ ಗಂಡನ ಜೊತೆ ಬ್ರೆಜಿಲ್‌ಗೆ ಹೋಗ್ಲಿಲ್ಲ?"

ನಮ್ಮ ಮನೆಯಲ್ಲಿ ನಾಲ್ಕು ಜನರ ಮಾತು ಒಬ್ಬಳೇ ಆಡುವ ಅಫೀಫೆ ಅಲ್ಲಿ ಕೈಚೀಲದ ಹಿಡಿ ತಿರುಚುತ್ತಾ ನಿಂತಳು. ವಕೀಲ ಮತ್ತೆ ಗಡಿಯಾರ ನೋಡಿದ. ಆಗ ಹಿಂದಿನ ಬೆಂಚಿನಿಂದ ನನ್ನ ಮಗಳು ಎದ್ದಳು. ನಾನು ಲಂಗ ಹಿಡಿದು ಎಳೆದೆ, ಕೂರಲಿಲ್ಲ.

"ಅಬೂನಾ, ಅವನು ಕರೀಲೇ ಇಲ್ಲ. ಮದುವೆಗೆ ಮುಂಚೇನೇ ಅವನು ಬ್ರೆಜಿಲ್‌ನಲ್ಲಿ ಇದ್ದೋನು. ಅಲ್ಲಿ ಆಗ್ಲೇ ಇನ್ನೊಬ್ಬ ಹೆಂಡ್ತಿ ಇದ್ಲಾ ಅಂತ ಇಷ್ಟು ವರ್ಷದಲ್ಲಿ ಇವರನ್ನ ಯಾರೂ ಕೇಳಿಲ್ಲ."

"ನೀನು ಯಾರು?"

"ಪಕ್ಕದ ಮನೆಯವಳು."

"ಪಕ್ಕದ ಮನೆಯವರೆಲ್ಲ ಇಲ್ಲಿ ವಾದ ಮಾಡೋ ಹಾಗಿಲ್ಲ. ಇಲ್ಲಿ ಮಾತಾಡ್ಬೇಕು ಅಂತಿದ್ರೆ ಓದ್ಕೊಂಡು ಬಾ."

ಎಲ್ಲರೂ ನಕ್ಕರು. ಗಡಿಯಾರದವನೂ ನಕ್ಕ. ಮುಂದಿನ ತಾರೀಕು ಶರತ್ಕಾಲಕ್ಕೆ ಹಾಕಿದರು.

ಅಕ್ಕಾ, ನಗು ನನಗೆ ಹೊಸದಲ್ಲ, ಈ ಊರನ್ನು ನಗಿಸಿಯೇ ನಾನು ಮಾಂಸ ಮಾರುವುದು. ಆದರೆ ನನ್ನ ಮಗಳನ್ನು ನೋಡಿ ನಗಲು ನಾನು ಯಾರಿಗೂ ಲೈಸೆನ್ಸು ಕೊಟ್ಟಿಲ್ಲ. ದಾರಿಯುದ್ದಕ್ಕೂ ಯೋಚಿಸಿದೆ. "ಓದ್ಕೊಂಡು ಬಾ" ಅಂದವರು ಯಾರು? ಧರ್ಮಸಭೆಯ ಜಡ್ಜು. ಅಂದರೆ ಧರ್ಮಸಭೆಯೇ ಅಂದ ಹಾಗೆ. ನಾನು ವಿಧೇಯ ಕಥೋಲಿಕ, ಇದನ್ನು ಮೀರಲು ನನಗೆ ಧೈರ್ಯವಿಲ್ಲ. ಓದಲಿ. ಹೋಗಲಿ.

ನನ್ನ ಮನಸ್ಸು ಬದಲಾಗಿದೆ ಅಂದುಕೊಳ್ಳಬೇಡ. ಲಾ ಈಗಲೂ ಹೊಲಸು ಕೆಲಸ ಅಂತಲೇ ನನ್ನ ಅಭಿಪ್ರಾಯ. ಆದರೆ ನಾಳೆಯೇ ಫಾದರ್ ಒಗುಸ್ತೀನ್‌ಗೆ ಹೇಳು: ದೇವಶಾಸ್ತ್ರ ಬೇಡ, ಹೆಸರು ಲಾ ಪಟ್ಟಿಗೆ ಹಾಕಿ ಅಂತ. ಪಾದ್ರಿಗಳದೇ ಕಾಲೇಜು, ಗೋಡೆಯ ಮೇಲೆ ಶಿಲುಬೆ ಇದೆ, ಅಷ್ಟರಮಟ್ಟಿಗೆ ನನಗೆ ನಿದ್ದೆ ಬರುತ್ತದೆ. ಹಿಲಾನೆಗೆ ನಾನು ಮಾತು ಕೊಟ್ಟಾಗಿದೆ. "ಅತ್ತೆ ಬುಧವಾರದ ಒಳಗೆ ಮಾಡ್ತಾರೆ" ಅಂದಿದ್ದೇನೆ. ನೀನು ಮೊದಲ ಸಲ ನನ್ನ ಮಾತು ಕೇಳು, ಕೊನೆಯ ಸಲವೂ ಆಗಲಿ.

ನಖ್ಲೆ


ಐನ್ ತೂತ್
ಮಾರ್ಚ್ 19, 1998, ಸಂತ ಯೋಸೇಫರ ಹಬ್ಬ

ಸಿಸ್ಟರ್ ಬೆನೆಡಿಕ್ಟಾ ಅವರಿಗೆ,

ನೋಡಿ, ನಿಮ್ಮ ಹೆಸರು ಬರೆಯುವಷ್ಟು ಅಕ್ಷರ ಬಂತು ನನಗೆ. ಅಕ್ಕ ಅನ್ನುವ ಎರಡಕ್ಷರ ಮರೆತುಹೋಗಿದೆ.

ಪಟ್ಟಿ ಬಂತು. ಹಿಲಾನೆ, ನಖ್ಲೆಯ ಮಗಳು, ಐನ್ ತೂತ್, ದೇವಶಾಸ್ತ್ರ. ಶಾಲೆಯ ಬಾಗಿಲಲ್ಲಿ ಅಂಟಿಸಿದ್ದರು. ಊರೆಲ್ಲ ಓದಿತು. ಅಬೂನಾ ಶಲೀಟಾ ಹೆಂಡತಿ ಬಂದು ಕೈ ಹಿಡಿದು, "ನಖ್ಲೆ, ಎಂಥಾ ಪುಣ್ಯ, ನಿಮ್ಮ ಮನೇಲಿ ಇನ್ನೊಬ್ಬ ಸಿಸ್ಟರು" ಅಂದಳು.

ಸೋಮವಾರ ಸಂಜೆ ಕಾಗದವನ್ನು ಕೈಯಾರೆ ಪೆಟ್ಟಿಗೆಯಲ್ಲಿಟ್ಟೆ, ಪೆಟ್ಟಿಗೆ ಒಳಗೆ ತಿರುಗಿದ್ದನ್ನು ಕಣ್ಣಾರೆ ನೋಡಿದೆ ಅಂತ ಸರ್ಕೀಸ್ ತಾಯಿಯ ಮೇಲೆ ಆಣೆ ಇಟ್ಟು ಹೇಳುತ್ತಾನೆ. ನಿಮಗೆ ಮಂಗಳವಾರ ಪೂರ್ತಿ ಇತ್ತು. ಓದಿದಿರಿ, ಮಡಚಿದಿರಿ, ಬಾಯಿ ಮುಚ್ಚಿಕೊಂಡಿರಿ, ಬುಧವಾರ ಬೂದಿ ಹಚ್ಚಿಕೊಂಡು ಪವಿತ್ರರಾದಿರಿ. ಎಂಥ ಉಪಾಯ. ಕಟುಕ ನಾನು, ಆದರೆ ಇಷ್ಟು ಸದ್ದಿಲ್ಲದೆ ಕುಯ್ಯಲು ನನಗೆ ಬರುವುದಿಲ್ಲ.

ಹಿಲಾನೆ ನಾನೇ ಮಾಡಿಸಿದ್ದು ಅಂದುಕೊಂಡಿದ್ದಾಳೆ. "ಲಾಗೆ ಹಾಕಿಸ್ತೀನಿ ಅಂತ ನನ್ನ ಬಾಯಿ ಮುಚ್ಸಿ, ಅತ್ತೆ ಜೊತೆ ಸೇರ್ಕೊಂಡು ನನ್ನ ಮಾರ್ಬಿಟ್ಟೆ" ಅಂದಳು. ನಾನು ನಿಮಗೆ ಬರೆದ ಕಾಗದದ ಮಾತು ಹೇಳಿದೆ. ನಂಬಲಿಲ್ಲ. ಜೀವಮಾನವೆಲ್ಲ ತಮಾಷೆ ಮಾಡಿದವನು ಒಂದು ನಿಜ ಹೇಳಿದರೆ ಯಾರು ನಂಬುತ್ತಾರೆ.

ಅಂದಿನಿಂದ ನನ್ನ ಜೊತೆ ಮಾತಿಲ್ಲ. ನಾನು ಎದುರಿಗೇ ಕೂತಿದ್ದರೂ ಜಮೀಲೆಗೆ ಹೇಳುತ್ತಾಳೆ, "ಅಮ್ಮಾ, ಅವರಿಗೆ ಹೇಳು, ಉಪ್ಪು ಈ ಕಡೆ ಕೊಡ್ಬೇಕಂತೆ." ಅಮ್ಮ ಇಲ್ಲದಿದ್ದರೆ ಅಂಗಡಿಯಲ್ಲಿ ಪಟ್ಟಣಕ್ಕೆ ಕಳಿಸಲು ತೂಗುಹಾಕಿದ ಕುರಿಗೆ ಹೇಳುತ್ತಾಳೆ. ನಿನ್ನೆ ಆ ಕುರಿಯೇ ಪಾಪ ಅಂತ ನನ್ನನ್ನು ನೋಡಿದ ಹಾಗಾಯಿತು.

ಇದಕ್ಕೆ ಉತ್ತರ ಬೇಡ. ಕೊಡುವ ಹಾಗೂ ಇಲ್ಲವಲ್ಲ, ನಿಮ್ಮ ನಿಯಮ ನಿಮಗೆ ಎಷ್ಟು ಅನುಕೂಲ.

ನಖ್ಲೆ, ಹಿಲಾನೆಯ ಅಪ್ಪ


ಐನ್ ತೂತ್
ಏಪ್ರಿಲ್ 10, 1998, ಶುಭ ಶುಕ್ರವಾರ

ಇವತ್ತು ಯಾರ ಮೇಲೂ ದ್ವೇಷ ಇಟ್ಟುಕೊಳ್ಳಬಾರದಂತೆ, ಅಬೂನಾ ಹೇಳಿದರು. ಮಧ್ಯಾಹ್ನ ಮೂರು ಗಂಟೆಯವರೆಗೆ ಪ್ರಯತ್ನಪಟ್ಟೆ. ಆಗಲಿಲ್ಲ. ತಿಳಿದಿರಲಿ ಅಂತ ಬರೆದೆ.

ನಖ್ಲೆ


ಕಾ‌ರ್ಮೆಲ್ ಮಠ
ಏಪ್ರಿಲ್ 13, 1998, ಈಸ್ಟರ್ ಸೋಮವಾರ

ನಖ್ಲೆ,

ಇವತ್ತು ಬೆಳಿಗ್ಗೆ ಮದರ್ ಡ್ರಾಯರ್ ತೆಗೆದು ನಿನ್ನ ಮೂರು ಕಾಗದಗಳನ್ನು ಒಟ್ಟಿಗೆ ನನ್ನ ಕೈಗಿತ್ತರು. ಉಳಿದ ಸಿಸ್ಟರುಗಳು ಈಸ್ಟರ್ ಮೊಟ್ಟೆ ಒಡೆದು ನಗುತ್ತಿದ್ದರು. ನಾನು ಬೆಂಚಿನ ಮೇಲೆ ಕುಳಿತು ಒಂದಾದ ಮೇಲೊಂದು ಓದಿದೆ.

ಲ್ಯಾಟಿನ್ ಮಠ ಎಂದು ನಿನಗೆ ಹೇಳಿದವರು ಯಾರು? ನಮ್ಮ ಪ್ರಾರ್ಥನೆ ಪುಸ್ತಕ ನೋಡಿದ್ದೀಯಾ? ಒಂದು ದಿನವಾದರೂ ಬಂದು ಈ ಕಂಬಿಯ ಮುಂದೆ ಕುಳಿತಿದ್ದರೆ ತಿಳಿಯುತ್ತಿತ್ತು. ಈ ಬೆಟ್ಟದ ಊರುಗಳೆಲ್ಲ ಎಂದು ಬೂದಿ ಹಚ್ಚಿಕೊಳ್ಳುತ್ತವೆಯೋ ಅಂದೇ ನಾವೂ ಹಚ್ಚಿಕೊಳ್ಳುತ್ತೇವೆ. ಸೋಮವಾರ. ನಾನು ಇಲ್ಲಿಗೆ ಬರುವುದಕ್ಕೂ ಮೊದಲಿನಿಂದ ಸೋಮವಾರ. ನಿನ್ನ ಕಾಗದ ಸಂಜೆ ಬಂದಾಗ ನನ್ನ ಹಣೆಯ ಮೇಲೂ ಬೂದಿ ಇತ್ತು. ಅದು ಪೆಟ್ಟಿಗೆಯಿಂದ ನೇರವಾಗಿ ಡ್ರಾಯರಿಗೆ ಹೋಯಿತು. ನಿನ್ನ ಅಕ್ಕ ಯಾವ ದಿನ ಉಪವಾಸ ಹಿಡಿಯುತ್ತಾಳೆ ಎಂದು ಇಷ್ಟು ವರ್ಷಗಳಲ್ಲಿ ನೀನು ವಿಚಾರಿಸಲಿಲ್ಲ, ಅದರ ಫಲ ಹುಡುಗಿ ಉಣ್ಣುತ್ತಿದ್ದಾಳೆ.

ನಿಯಮ ಪಾಲಿಸಿದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ.

ಓದಿದ ಮೇಲೆ ಮದರ್ ಅಪ್ಪಣೆ ಪಡೆದು, ಫಾದರ್ ಒಗುಸ್ತೀನ್ ಇವತ್ತಿನ ಪೂಜೆಗೆ ಬಂದಾಗ ಕೇಳಿದೆ. ಲಾ ಸ್ಥಾನಗಳು ತುಂಬಿವೆ. "ನೀವೇ ತಾನೇ ಸಿಸ್ಟರ್, ಆ ಹುಡುಗಿಗೆ ದೇವರ ಕರೆ ಇದೆ ಅಂದೋರು" ಎಂದರು. ನಾನೇ.

ಇನ್ನೊಂದು ಮಾತು, ಇದನ್ನು ಬರೆಯದೆ ಮುಗಿಸಬಹುದೇ ಎಂದು ಬಹಳ ಹೊತ್ತು ಲೇಖನಿ ಹಿಡಿದು ಕುಳಿತಿದ್ದೆ. ಜನವರಿಯಲ್ಲಿ ಹಿಲಾನೆ ಹೊರಡುವಾಗ ಆಡಿದ ಮಾತು. ಅವಳು ಕೇಳಿದ್ದು ಇಷ್ಟೇ: "ಅತ್ತೇ, ಇಲ್ಲಿ ಯಾರಾದ್ರೂ ನಂಗೆ ಇನ್ನು ಆಗಲ್ಲ, ಮನೆಗೆ ಹೋಗ್ತೀನಿ ಅಂದ್ರೆ, ಅವರ ಕಡೆಯಿಂದ ಮಾತಾಡೋರು ಯಾರು?"

ಭೇಟಿಯ ಸಮಯ ಇನ್ನೂ ಇತ್ತು. ನಾನು ಮುಗಿಯಿತು ಎಂದು ಹೇಳಿ ಕಂಬಿಯ ಪರದೆ ಎಳೆದೆ.

ಅದು ದೇವರ ಕರೆಯಲ್ಲ, ವಕೀಲಳ ಪ್ರಶ್ನೆ ಎಂದು ನನಗೆ ಅಂದೇ ಗೊತ್ತಿತ್ತು. ಇದನ್ನು ಕೊಕ್ಕೆಗೆ ಸಿಕ್ಕಿಸಬೇಡ.

ಬೆನೆಡಿಕ್ಟಾ


ಐನ್ ತೂತ್
ಅಕ್ಟೋಬರ್ 4, 1998, ಭಾನುವಾರ

ಅಕ್ಕಾ,

ಬೇಸಿಗೆ ಪೂರ್ತಿ ನಾನು ಬರೆಯಲಿಲ್ಲ, ನೀನೂ ನನಗೆ ಬರೆಯಲಿಲ್ಲ. ಹುಡುಗಿಗೆ ಮಾತ್ರ ಬರೆಯುತ್ತಿದ್ದೀಯ. ಅವಳು ಅಂಗಳದಲ್ಲಿ ನಿಂತು ಓದಿ ಜೇಬಿಗೆ ಹಾಕಿಕೊಳ್ಳುತ್ತಾಳೆ. ನಾನು ಕದ್ದು ಓದಿಲ್ಲ. ಒಳ್ಳೆಯ ಬುದ್ಧಿಯಿಂದಲ್ಲ, ನೀನು ಫ್ರೆಂಚಿನಲ್ಲಿ ಬರೆಯುತ್ತೀಯ, ದರಿದ್ರದವಳು.

ನಿನ್ನನ್ನು ನಾನು ಕ್ಷಮಿಸಿಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ಬೂದಿಯ ದಿನ ತಪ್ಪಿದ್ದು ನನ್ನ ಲೆಕ್ಕ, ಸರಿ. ಆದರೆ ಬೂದಿಗೆ ಮುಂಚೆ ಸುಳ್ಳು ಹೇಳಿ ಸೀಟು ಹಿಡಿದವಳು ನೀನು.

ಹಿಲಾನೆ ಶಾಲೆಯ ಕೊನೆಯ ಪರೀಕ್ಷೆ ಚೆನ್ನಾಗಿಯೇ ಪಾಸಾದಳು. ಆಗಸ್ಟಿನಲ್ಲಿ ಫಾದರ್ ಒಗುಸ್ತೀನ್ ಹೇಳಿಕಳಿಸಿದರು, ದೇವಶಾಸ್ತ್ರದ ಸೀಟು ಕಾಯುತ್ತಿದೆ ಅಂತ. ನಾನು ಏನೂ ಹೇಳುವುದಕ್ಕೆ ಮುಂಚೆ ಅವಳು ಜಮೀಲೆಗೆ ಹೇಳಿದಳು, "ಅಮ್ಮಾ, ಅವರಿಗೆ ಹೇಳು, ನಾನು ಸರ್ಕಾರಿ ಲಾ ಕಾಲೇಜಿಗೆ ಸೇರಿ ಆಯ್ತು. ಅಲ್ಲಿ ಯಾರ ಶಿಫಾರಸೂ ಬೇಡ, ಯಾವ ಅತ್ತೆಯೂ ಬೇಡ."

ಸರ್ಕಾರಿ ಕಾಲೇಜು. ಗೋಡೆಯ ಮೇಲೆ ಶಿಲುಬೆಯಿಲ್ಲ. ಹುಡುಗರು ಯಾವ ಜಾತಿ, ಯಾವ ಧರ್ಮ, ಯಾವ ಪಾರ್ಟಿ ಅಂತ ಕೇಳುವ ಹಾಗಿಲ್ಲ. ಅರ್ಧ ವರ್ಷ ಸ್ಟ್ರೈಕು. ಇಡೀ ಬೀದಿಗೆ ಕೇಳುವ ಹಾಗೆ ಕೂಗಿದೆ, "ಜಮೀಲೆ, ಅವಳಿಗೆ ಹೇಳು, ನನ್ನ ಹೆಣದ ಮೇಲೆ ಕಾಲಿಟ್ಟು ಹೋಗ್ಲಿ."

"ಅಮ್ಮಾ, ಅವರಿಗೆ ಹೇಳು, ಕ್ಲಾಸು ಐದನೇ ತಾರೀಕು ಸೋಮವಾರ ಶುರು. ಕಾರ್ಯ ಭಾನುವಾರಾನೇ ಮುಗಿಸ್ಕೊಳ್ಳಿ ಅಂತ."

ಜಮೀಲೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಅಲ್ಲಿಂದ ಬಂದ ಸದ್ದು ಎರಡಕ್ಕೂ ಹೊಂದುತ್ತಿತ್ತು.

ಹೋದ ವಾರ ಪಟ್ಟಣಕ್ಕೆ ಮಾಂಸ ಇಳಿಸಲು ಹೋದವನು ಯಾರಿಗೂ ಹೇಳದೆ ಆ ಕಾಲೇಜಿನ ಗೇಟಿಗೂ ಹೋದೆ. ಕಾವಲಿನವನನ್ನು ಕೇಳಿದೆ, "ಇಲ್ಲಿ ಪ್ರಾರ್ಥನೆ ಕೋಣೆ ಎಲ್ಲಿದೆ?"

"ಪ್ರಾರ್ಥನೆ ಕೋಣೆನಾ? ಇಲ್ಲಿ ಕಕ್ಕಸ್ಸೇ ಇಲ್ಲ ಚಿಕ್ಕಪ್ಪಾ."

ಅಂಥ ಜಾಗಕ್ಕೆ ಅವಳು ಹಟ ಹಿಡಿದಿರುವುದು.

ಇವತ್ತು ಪೂಜೆಯಲ್ಲಿ ಅಬೂನಾ ಶಲೀಟಾ ದಾನಿಯೇಲನ ಕಥೆ ಹಿಡಿದರು. ರಾಜ ಅವನನ್ನು ದಬ್ಬಿಸಿದ ಸಿಂಹದ ಗುಹೆ. ಈ ಕಾಲದಲ್ಲಿ ಅಪ್ಪಂದಿರೇ ಕೈ ಹಿಡಿದು ಹೆಣ್ಣುಮಕ್ಕಳನ್ನು ಗುಹೆಗೆ ದಬ್ಬುತ್ತಿದ್ದಾರೆ ಅಂದರು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಇಗರ್ಜಿ ತುಂಬ ಕತ್ತುಗಳು ನನ್ನ ಕಡೆ ತಿರುಗಿದವು. ಹೊರಗೆ ಮೆಟ್ಟಿಲ ಮೇಲೆ ಎಲ್ಲರೂ ನಿಂತಿದ್ದಾಗ ಅವರೇ ಬಂದು ಭುಜದ ಮೇಲೆ ಕೈ ಇಟ್ಟರು.

"ಬೇಜಾರು ಮಾಡ್ಕೋಬೇಡ ನಖ್ಲೆ. ಇನ್ನೂ ಕಾಲ ಮಿಂಚಿಲ್ಲ, ನಾಳೆ ಅವಳನ್ನ ತಡಿ. ಗುಹೆ ಅಂದ್ರೆ ಗುಹೇನೇ."

ನಾನು ಅಪ್ಪಣೆ ಅಬೂನಾ ಅಂತ ತಲೆ ಬಾಗಿಸಬೇಕಿತ್ತು. ಬೇಸಿಗೆಯೆಲ್ಲ ನಾನೇ ಬೀದಿಯಲ್ಲಿ ಕೂಗಿದ್ದು ಅದೇ ಮಾತಲ್ಲವಾ. ಆದರೆ ಬಾಯಿಂದ ಬಂದದ್ದು ಬೇರೆ.

"ಅಬೂನಾ, ಕಥೆ ಪೂರ್ತಿ ಹೇಳಿ. ದಾನಿಯೇಲ ಬೆಳಿಗ್ಗೆ ಗುಹೆಯಿಂದ ನಗ್ತಾ ಹೊರಗೆ ಬಂದ. ಉಪವಾಸ ಬಿದ್ದಿದ್ದು ಸಿಂಹಗಳು. ನಮ್ಮ ಹಿಲಾನೆ ನಾಲಿಗೆ ಇವಕ್ಕಿನ್ನೂ ಗೊತ್ತಿಲ್ಲ, ನಾನು ಪ್ರಾರ್ಥನೆ ಮಾಡೋದಾದ್ರೆ ಸಿಂಹಗಳಿಗೋಸ್ಕರ ಮಾಡ್ತೀನಿ. ನಾಳೆ ನಾನೇ ವ್ಯಾನಲ್ಲಿ ಬಿಟ್ಟು ಬರೋನು."

ಯಾರೂ ನಗಲಿಲ್ಲ ಅಕ್ಕಾ. ಊರಿನವರು ನನ್ನ ಮಾತಿಗೆ ನಗದೆ ನಿಂತದ್ದು ಇದೇ ಮೊದಲು. ಅಬೂನಾ ಕೈ ತೆಗೆದರು. "ಹಾಗಾದ್ರೆ ಇಗರ್ಜಿ ಹಬ್ಬದ ಮಾಂಸ ಬೇರೆ ಕಡೆಯಿಂದ ತರಿಸ್ತೀವಿ" ಅಂತ ಹೇಳಿ ಒಳಗೆ ಹೋದರು. ಮಾತು ಹೊರಬಿದ್ದ ಮೇಲೆ ನನಗೇ ಗೊತ್ತಾಯಿತು ನಾನು ಯಾವ ಕಡೆ ನಿಂತಿದ್ದೇನೆ ಅಂತ. ತಿರುಗಿ ನೋಡಿದರೆ ಹೆಂಗಸರ ಗುಂಪಿನಲ್ಲಿ ಹಿಲಾನೆ, ಅಫೀಫೆಯ ತೋಳು ಹಿಡಿದುಕೊಂಡು ನಿಂತಿದ್ದಳು. ಅವಳೂ ನಗಲಿಲ್ಲ. ತಲೆಯ ವಸ್ತ್ರ ಸರಿಮಾಡಿಕೊಂಡು ಮನೆ ಕಡೆ ನಡೆದಳು.

ಮನೆಗೆ ಬಂದವನು ವ್ಯಾನು ತೊಳೆದೆ, ಮಾಂಸದ ವಾಸನೆ ಹೋಗಲಿ ಅಂತ ಎರಡು ಸಲ ಸೋಪು ಹಾಕಿದೆ. ಹೋಗಲಿಲ್ಲ. ಹೋಗದಿದ್ದರೆ ಬೇಡ, ಸಿಂಹಗಳಿಗೂ ಗೊತ್ತಾಗಲಿ ಯಾರ ಮಗಳು ಅಂತ. ಈಗ ಹಿತ್ತಲಿನಲ್ಲಿ ದ್ರಾಕ್ಷಿ ಚಪ್ಪರದ ಕೆಳಗೆ ಕೂತು ನಿನಗೆ ಬರೆಯುತ್ತಿದ್ದೇನೆ. ಬೈಯಲು ಇನ್ನೂ ಬಹಳ ಇದೆ. ಆ ಪರದೆ ಎಳೆದದ್ದರ ಬಗ್ಗೆಯೇ ಎರಡು ಪುಟ ಯೋಚಿಸಿಟ್ಟಿದ್ದೆ. ಮೊದಲನೆಯದಾಗಿ,

ತಾಳು. ಒಳಗಿನಿಂದ ಕೂಗುತ್ತಿದ್ದಾರೆ.

"ಅಪ್ಪಾ, ಊಟಕ್ಕೆ ಬಾ. ಬಾಣಲೇಲಿ ಕಿಬ್ಬೆ ಉಂಡೆ ಕಪ್ಪಾಗ್ತಿದೆ."

ಜಮೀಲೆಯ ದನಿಯಲ್ಲ. "ಅಮ್ಮಾ, ಅವರಿಗೆ ಹೇಳು" ಅನ್ನಲಿಲ್ಲ. ಅಪ್ಪಾ ಅಂತಲೇ ಅಂದಳು. ನಾನು ಕೇಳಿಸದವನ ಹಾಗೆ ಕೂತಿದ್ದೇನೆ, ಇನ್ನೊಂದು ಸಲ ಕೂಗಲಿ ಅಂತ.

"ಅಪ್ಪಾ, ಕಿವಿ ಕೇಳಲ್ವಾ? ಬಾ ಅಂದ್ರೆ ಬಾ."

ಹೋಗುತ್ತೇನೆ.